ಎರಡು ಬಣ್ಣದ ಎಲೆಯ ಐವಿ ಬಳ್ಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿಗೆ ಸಿಕ್ಕವರು, ಪತ್ರ ಬರೆದವರು, ಒಣಗಿದ ಎಲೆಯ ಫೋಟೊ ಕಳಿಸಿ "ಇದಕ್ಕೇನಾಗಿದೆ ನೋಡಿ" ಎಂದವರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇವೆ. ಅಳತೆ, ತಿಂಗಳುಗಳೆಲ್ಲ ಬೆಂಗಳೂರು–ಮೈಸೂರಿನ ಹವೆಗೆ ಹೊಂದುವಂಥವು. ಬೇರೆ ಊರಿನ ಮಾತು ಬಂದಲ್ಲಿ ಊರಿನ ಹೆಸರು ಹೇಳಿದ್ದೇವೆ.

## ಕೊಳ್ಳುವ ಮುನ್ನ

ನರ್ಸರಿಯಲ್ಲಿ "ಐವಿ" ಅಂತ ಹೇಳಿ ಕೊಟ್ರು. ಇದು ನಿಜವಾದ ಐವಿನಾ, ಇಲ್ಲ ಮನಿಪ್ಲಾಂಟ್ ಜಾತೀನಾ?

ನಿಜವಾದ ಐವಿ ಎಂದರೆ ಹೆಡೆರಾ ಕುಲದ ಬಳ್ಳಿ. ನಮ್ಮಲ್ಲಿ ಸಿಗುವುದು ಬಹುಪಾಲು ಹೆಡೆರಾ ಹೆಲಿಕ್ಸ್, ಯುರೋಪ್ ಮೂಲದ್ದು. ಎಲೆ ಗಡುಸು, ಮೂರರಿಂದ ಐದು ಕೋನ, ನರಗಳು ತಿಳಿಬಣ್ಣದಲ್ಲಿ ಎದ್ದು ಕಾಣುತ್ತವೆ. ಬಳ್ಳಿಯನ್ನು ತಿರುಗಿಸಿ ನೋಡಿ. ಗೆಣ್ಣಿನ ಹತ್ತಿರ ಹಲ್ಲುಜ್ಜುವ ಬ್ರಷ್ಷಿನ ಕೂದಲಿನಂಥ ಗಿಡ್ಡ ಬೇರುಗಳು ಒತ್ತಾಗಿ ಇದ್ದರೆ ಅದು ಹೆಡೆರಾ. ತೀರಾ ಎಳೆ ಕುಡಿಯಲ್ಲಿ ಇವು ಕಾಣದಿರಬಹುದು.

ಇದೇ ಹೆಸರಲ್ಲಿ ಮಾರುವ ಬೇರೆ ಗಿಡಗಳು ನಾಲ್ಕೈದಿವೆ. ಎಲೆ ಥೇಟ್ ಐವಿಯಂತಿದ್ದು, ಮುಟ್ಟಿದರೆ ದಪ್ಪ, ಮುರಿದರೆ ನೀರು ಜಿನುಗಿದರೆ ಅದು ಸೆನೆಸಿಯೊ, ಅಂದರೆ ವ್ಯಾಕ್ಸ್ ಐವಿ. ಕಾಂಡ ಚೌಕವಾಗಿ, ಎಲೆಯ ಅಂಚು ಹಲ್ಲುಹಲ್ಲಾಗಿದ್ದರೆ ದೊಡ್ಡಪತ್ರೆಯ ಬಳಗದ ಸ್ವೀಡಿಶ್ ಐವಿ. ಚಿವುಟಿದಾಗ ಹಾಲು ಬಂದರೆ ಗೋಡೆ ಹತ್ತುವ ಫೈಕಸ್ ಪ್ಯೂಮಿಲಾ. ಹೃದಯಾಕಾರದ ಎಲೆಯದು ಮನಿಪ್ಲಾಂಟ್. ಅದಕ್ಕೆ ಡೆವಿಲ್ಸ್ ಐವಿ ಎಂಬ ಹೆಸರೂ ಇರುವುದರಿಂದ ಈ ಗೊಂದಲ. ಇವು ಯಾವುವೂ ಕೆಟ್ಟ ಗಿಡಗಳಲ್ಲ, ಆರೈಕೆ ಮಾತ್ರ ಬೇರೆ. ಈ ಪುಟದಲ್ಲಿರುವುದು ಹೆಡೆರಾ ಬಗ್ಗೆ.

ಬಿಳಿ ಅಂಚಿನದು, ಹಳದಿ ಅಂಚಿನದು, ನಡುವೆ ಹಳದಿ ಇರೋದು ಅಂತ ಬೇಕಾದಷ್ಟಿವೆ. ಮೊದಲ ಸಲಕ್ಕೆ ಯಾವುದು ತಗೊಳ್ಳಲಿ?

ಬೂದುಹಸಿರು ಎಲೆಗೆ ಬಿಳಿ ಅಂಚಿರುವ "ಗ್ಲೇಷಿಯರ್" ಮಾದರಿಯದನ್ನು ತೆಗೆದುಕೊಳ್ಳಿ. ಎಲೆಯಲ್ಲಿ ಹಸಿರಿನ ಪಾಲು ಸಾಕಷ್ಟಿರುವುದರಿಂದ ತಾಳಿಕೆ ಹೆಚ್ಚು. "ಈವಾ" ಸಣ್ಣ ಎಲೆಯದು, ಕೆನೆಬಣ್ಣದ ಅಂಚು, ತೂಗುಕುಂಡಕ್ಕೆ ಚೆನ್ನ. "ಗೋಲ್ಡ್ ಚೈಲ್ಡ್" ಹಳದಿ ಅಂಚಿನದು. ನಡುವೆ ಹಳದಿ, ಸುತ್ತ ಕಡುಹಸಿರು ಇರುವ "ಗೋಲ್ಡ್‌ಹಾರ್ಟ್" ನೋಡಲು ಎಲ್ಲಕ್ಕಿಂತ ಸೊಗಸು. ಆದರೆ ಪೂರಾ ಹಸಿರಿಗೆ ತಿರುಗುವ ಚಾಳಿ ಅದಕ್ಕೆ ಜಾಸ್ತಿ, ಹಾಗಾಗಿ ಎರಡನೇ ಗಿಡವಾಗಿ ಇರಲಿ. ಅಂಗೈಯಗಲದ ಎಲೆ, ಕೆಂಪು ತೊಟ್ಟು ಇರುವ "ಗ್ಲೋರ್ ಡಿ ಮರೆಂಗೊ" ಅಲ್ಜೀರಿಯನ್ ಐವಿಯ ತಳಿ. ಬಿಸಿಲಿನ ಝಳವನ್ನು ಉಳಿದವಕ್ಕಿಂತ ಚೆನ್ನಾಗಿ ತಡೆಯುತ್ತದೆ. ಎಲ್ಲಾದರೂ ಸಿಕ್ಕರೆ ಬಿಡಬೇಡಿ.

ನರ್ಸರಿಗಳಲ್ಲಿ ತಳಿಯ ಹೆಸರು ಬರೆದಿರುವುದು ಅಪರೂಪ. ಹೆಸರಿಗಿಂತ ಗಿಡ ನೋಡಿ ಆರಿಸಿ. ಒಂದೇ ಕುಂಡದಲ್ಲಿ ಬುಡದಿಂದ ನಾಲ್ಕಾರು ಬಳ್ಳಿಗಳಿರಬೇಕು, ತುದಿಯಲ್ಲಿ ಹೊಸ ಚಿಗುರಿರಬೇಕು. ಎಲೆಯ ಅಡಿಭಾಗ ನೋಡದೆ ದುಡ್ಡು ಕೊಡಬೇಡಿ.

ಯಾವ ತಿಂಗಳಲ್ಲಿ ತಂದರೆ ಒಳ್ಳೇದು?

ಜುಲೈಯಿಂದ ಡಿಸೆಂಬರ್ ಒಳಗೆ. ಮಾರ್ಚ್–ಏಪ್ರಿಲ್‌ನಲ್ಲಿ ತಂದ ಗಿಡ ಬೇರು ಬಿಡುವ ಮುನ್ನವೇ ಬೇಸಿಗೆಗೆ ಸಿಗುತ್ತದೆ. ಲಾಲ್‌ಬಾಗ್‌ನ ಜನವರಿ ಫಲಪುಷ್ಪ ಪ್ರದರ್ಶನದಲ್ಲಿ ಕೊಳ್ಳುವವರು ಬಹಳ ಮಂದಿ. ಆಗ ಕೊಂಡರೆ ಫೆಬ್ರವರಿಯೊಳಗೆ ಕುಂಡ ಬದಲಿಸಿ ಮುಗಿಸಿಬಿಡಿ.

ನಮ್ಮ ಧಾರವಾಡದಾಗ ಬರ್ತದೇನ್ರಿ ಇದು? ಕಲಬುರ್ಗಿಯೊಳಗ ನಮ್ಮ ತಂಗಿ ಮನ್ಯಾಗೂ ಹಚ್ಚಬೇಕಂತ ಮಾಡೇವಿ.

ಐವಿಗೆ ಹಿತವಾದ ಉಷ್ಣಾಂಶ ಹತ್ತರಿಂದ ಇಪ್ಪತ್ತೈದು ಡಿಗ್ರಿ. ಮೂವತ್ತು ದಾಟಿದರೆ ಬೆಳವಣಿಗೆ ನಿಲ್ಲುತ್ತದೆ. ಮೂವತ್ತೈದು ದಾಟಿ ಗಾಳಿಯೂ ಒಣಗಿದ್ದರೆ ಎಲೆ ಸುಡತೊಡಗುತ್ತದೆ. ಈ ಲೆಕ್ಕದಲ್ಲಿ ಮಡಿಕೇರಿ, ಚಿಕ್ಕಮಗಳೂರಿನ ಮೇಲ್ಭಾಗಕ್ಕೆ ಹೇಳಿ ಮಾಡಿಸಿದ ಬಳ್ಳಿ. ಬೆಂಗಳೂರು, ಮೈಸೂರು, ಹಾಸನಗಳಲ್ಲಿ ಬೇಸಿಗೆ ಎರಡು ತಿಂಗಳು ಕಾದರೆ ಸಾಕು. ಧಾರವಾಡ, ಬೆಳಗಾವಿಯಲ್ಲಿ ಮನೆಯ ಪೂರ್ವದ ಜಗಲಿಯಲ್ಲಿ ಕುಂಡದಲ್ಲಿ ಬರುತ್ತದೆ, ನೆಲದಲ್ಲಿ ಬೇಡ.

ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಬೇಸಿಗೆ ನಲವತ್ತು ದಾಟುತ್ತದೆ. ಅಲ್ಲಿ ಐವಿ ಹಚ್ಚಿ ಎಂದು ನಾವು ಹೇಳುವುದಿಲ್ಲ. ಎರಡು ಬಣ್ಣದ ಎಲೆಯೇ ಬೇಕಿದ್ದರೆ ತಂಗಿಯವರಿಗೆ ವೇರಿಗೇಟೆಡ್ ಮನಿಪ್ಲಾಂಟ್ ಕೊಡಿ, ನೆರಳಲ್ಲಿ ನೆಮ್ಮದಿಯಾಗಿರುತ್ತದೆ.

ನಾವು ಮಂಗಳೂರಿನವರು. ಇಲ್ಲಿ ಬಿಸಿಲು ಅಷ್ಟಿಲ್ಲ, ಆದ್ರೂ ಎರಡು ಸಲ ತಂದದ್ದು ಸತ್ತೇ ಹೋಯ್ತು. ಯಾಕೆ?

ಕರಾವಳಿಯಲ್ಲಿ ಹಗಲಿನ ಶಾಖಕ್ಕಿಂತ ರಾತ್ರಿಯ ಸೆಕೆ ದೊಡ್ಡ ತೊಂದರೆ. ಐವಿಗೆ ರಾತ್ರಿ ತಂಪಾಗಬೇಕು. ರಾತ್ರಿಯೂ ಇಪ್ಪತ್ತೈದರ ಆಸುಪಾಸು ಇದ್ದರೆ, ಹಗಲು ತಯಾರಾದ ಆಹಾರದಲ್ಲಿ ದೊಡ್ಡ ಪಾಲು ಉಸಿರಾಟಕ್ಕೇ ಖರ್ಚಾಗುತ್ತದೆ. ಅರ್ಧ ಎಲೆ ಬಿಳಿಯಾಗಿರುವ ಗಿಡಕ್ಕೆ ಮೊದಲೇ ಗಳಿಕೆ ಕಮ್ಮಿ. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬೇರು ಕೊಳೆಯುತ್ತದೆ, ಎಲೆಚುಕ್ಕೆ ಹರಡುತ್ತದೆ. ಮೂರನೇ ಸಲ ತರುವ ಬದಲು ವೇರಿಗೇಟೆಡ್ ಸಿಂಗೋನಿಯಂ ಬೆಳೆಸಿ.

## ಜಾಗ, ಮಣ್ಣು, ನೀರು

ನೆರಳಿನ ಗಿಡ ಅಂತಾರೆ, ಬಿಸಿಲು ಬೇಕು ಅಂತಲೂ ಅಂತಾರೆ. ಯಾವುದು ಸರಿ?

ಹಸಿರು ಐವಿ ಮಬ್ಬು ಬೆಳಕಿನಲ್ಲೂ ಬದುಕುತ್ತದೆ. ವೇರಿಗೇಟೆಡ್ ಐವಿಯ ವಿಷಯ ಬೇರೆ. ಬಿಳಿ ಭಾಗದಲ್ಲಿ ಆಹಾರ ತಯಾರಿಸುವ ಹಸಿರುಕಣಗಳಿಲ್ಲ, ಇಡೀ ಗಿಡವನ್ನು ಎಲೆಯ ಹಸಿರು ಭಾಗವೊಂದೇ ಸಾಕಬೇಕು. ಆದ್ದರಿಂದ ಇದಕ್ಕೆ ಹೆಚ್ಚು ಬೆಳಕು ಬೇಕು. ಅದೇ ಬಿಳಿ ಭಾಗ ನೇರ ಬಿಸಿಲಿಗೆ ಬೇಗ ಸುಡುತ್ತದೆ, ಆದ್ದರಿಂದ ಮಧ್ಯಾಹ್ನದ ಬಿಸಿಲು ಬೇಡ. ಎರಡೂ ಮಾತು ನಿಜ.

ಪೂರ್ವದಿಕ್ಕಿನ ಬಾಲ್ಕನಿ ಅಥವಾ ಗೋಡೆ ಎಲ್ಲಕ್ಕಿಂತ ಒಳ್ಳೆಯದು. ಬೆಳಗಿನ ಎರಡು–ಮೂರು ಗಂಟೆಯ ಎಳೆಬಿಸಿಲು, ಆಮೇಲೆ ದಿನವಿಡೀ ತಿಳಿಬೆಳಕು. ಉತ್ತರದ್ದೂ ಪರವಾಗಿಲ್ಲ. ಪಶ್ಚಿಮದ ಗೋಡೆ ಸಂಜೆಯವರೆಗೂ ಕಾದು, ರಾತ್ರಿ ಆ ಕಾವನ್ನೇ ಗಿಡಕ್ಕೆ ಬಿಡುತ್ತದೆ, ಅಲ್ಲಿ ಬೇಡ. ತಾರಸಿಯಲ್ಲಿ ಇಡುವುದಾದರೆ ಫೆಬ್ರವರಿ ಕೊನೆಯಿಂದ ಮೇ ಮುಗಿಯುವವರೆಗೆ ಶೇಕಡ 50ರ ಶೇಡ್ ನೆಟ್ ಬೇಕೇ ಬೇಕು. ವಾಸ್ತು ಪ್ರಕಾರ ಎಲ್ಲಿಡಬೇಕು ಎಂದೂ ಕೆಲವರು ಕೇಳುತ್ತಾರೆ. ಗಿಡದ ವಾಸ್ತುವಿಗೆ ಪೂರ್ವ.

ಮಣ್ಣು ಹೇಗೆ ಕಲಸಬೇಕು? ಕುಂಡ ಎಷ್ಟು ದೊಡ್ಡದಿರಬೇಕು?

ಕೆಮ್ಮಣ್ಣು ಎರಡು ಪಾಲು, ತೊಳೆದ ದಪ್ಪ ಮರಳು ಒಂದು ಪಾಲು, ಕೊಕೊಪೀಟ್ ಒಂದು ಪಾಲು, ಎರೆಗೊಬ್ಬರ ಒಂದು ಪಾಲು. ಎಂಟು ಇಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಮರಳು ಸಿಗದಿದ್ದರೆ ಪರ್ಲೈಟ್ ಅಥವಾ ಕಡಲೆ ಗಾತ್ರದ ಇಟ್ಟಿಗೆ ಚೂರು ಆಗುತ್ತದೆ. ಎಂ-ಸ್ಯಾಂಡ್ ಹಾಕುವುದಾದರೆ ಜರಡಿ ಹಿಡಿದು ಧೂಳು ತೆಗೆಯಿರಿ, ಇಲ್ಲವಾದರೆ ಅದು ಕುಂಡದೊಳಗೆ ಗಟ್ಟಿಕಟ್ಟುತ್ತದೆ. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ ಎರಡು ಸಲ ನೀರು ಬದಲಿಸಿ ಹಿಂಡಿದ ಮೇಲೆ ಬಳಸಿ. ಅದರಲ್ಲಿರುವ ಉಪ್ಪಿನಿಂದಲೇ ಎಷ್ಟೋ ಎಲೆಗಳ ಅಂಚು ಕಂದುತ್ತದೆ.

ಐವಿಯ ಬೇರು ಆಳಕ್ಕಿಂತ ಅಗಲಕ್ಕೆ ಹೋಗುವುದು. ನರ್ಸರಿಯ ನಾಲ್ಕಿಂಚಿನ ಗಿಡವನ್ನು ಆರಿಂಚಿಗೆ, ಒಂದು ವರ್ಷದ ಮೇಲೆ ಎಂಟಿಂಚಿಗೆ ಬದಲಿಸಿ. ನೇರವಾಗಿ ಹನ್ನೆರಡು ಇಂಚಿಗೆ ಇಟ್ಟರೆ ಬೇರಿಲ್ಲದ ಮಣ್ಣು ವಾರಗಟ್ಟಲೆ ಒದ್ದೆಯಾಗೇ ಉಳಿಯುತ್ತದೆ. ಕುಂಡದ ತಳಕ್ಕೆ ಜಲ್ಲಿ ತುಂಬಬೇಕಿಲ್ಲ, ತೂತಿನ ಮೇಲೆ ಒಂದು ತುಂಡು ಬಲೆ ಸಾಕು.

ದಿನಾ ನೀರು ಹಾಕ್ಬೇಕಾ?

ದಿನದ ಲೆಕ್ಕ ಬಿಡಿ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಒಣಗಿದ್ದರೆ ತಳದಿಂದ ಹರಿಯುವಷ್ಟು ಹಾಕಿ. ಬೆಂಗಳೂರಿನಲ್ಲಿ ಇದು ಏಪ್ರಿಲ್‌ನಲ್ಲಿ ದಿನ ಬಿಟ್ಟು ದಿನ, ಡಿಸೆಂಬರ್‌ನಲ್ಲಿ ವಾರಕ್ಕೆ ಎರಡು ಸಲ ಎಂದಾಗುತ್ತದೆ. ಬೆಳಗ್ಗೆ ಹಾಕಿ, ಬುಡಕ್ಕೆ ಹಾಕಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿ ಎಳೆದುಕೊಳ್ಳಿ.

ಗೊಬ್ಬರ ಏನು ಕೊಡೋದು? ಹೂವಿಲ್ಲದ ಗಿಡಕ್ಕೆ ಬೇಕಾ?

ಬೇಕು, ಆದರೆ ಅರ್ಧ ಹೊಟ್ಟೆ. 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲಿನಲ್ಲಿರುವ, ನೀರಿನಲ್ಲಿ ಕರಗುವ ಗೊಬ್ಬರ) ಅನ್ನು ಲೀಟರಿಗೆ ಒಂದು ಗ್ರಾಂ ಕರಗಿಸಿ, ಜುಲೈಯಿಂದ ಫೆಬ್ರವರಿವರೆಗೆ ಇಪ್ಪತ್ತು ದಿನಕ್ಕೊಮ್ಮೆ. ರಾಸಾಯನಿಕ ಬೇಡವೆನ್ನುವವರು ಎರಡು ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಹಾಕಿ ಮಣ್ಣು ಕೆದಕಿ. ಯೂರಿಯಾ ಬೇಡ. ಸಾರಜನಕ ಜಾಸ್ತಿಯಾದರೆ ಚಿಗುರು ಮೆತ್ತಗೆ ಉದ್ದುದ್ದ ಬರುತ್ತದೆ, ನುಸಿಗೂ ಎಲೆಚುಕ್ಕೆಗೂ ಬೇಗ ಸಿಗುತ್ತದೆ. ಬೇಸಿಗೆಯಲ್ಲಿ ಏನೂ ಕೊಡಬೇಡಿ.

ತಂದು ಹದಿನೈದು ದಿನಕ್ಕೇ ಒಳಗಿನ ಎಲೆ ಎಲ್ಲ ಹಳದಿಯಾಗಿ ಉದುರ್ತಿದೆ. ನಾನೇನು ತಪ್ಪು ಮಾಡ್ದೆ?

ಹೆಚ್ಚಾಗಿ ಏನೂ ಇಲ್ಲ. ಪಾಲಿಹೌಸಿನ ತೇವದಲ್ಲಿ ಬೆಳೆದ ಗಿಡ ಒಣಗಾಳಿಗೆ ಬಂದಾಗ ಹಳೆಯ ಎಲೆ ಬಿಡುತ್ತದೆ. ತುದಿಯ ಚಿಗುರು ಗಟ್ಟಿಯಾಗಿದ್ದರೆ ಯೋಚನೆ ಬೇಡ. ಜಾಗ ಬದಲಿಸುತ್ತಾ ಹೋಗುವುದು ಮಾತ್ರ ತಪ್ಪು. ಒಂದು ಕಡೆ ಇಟ್ಟು ಮೂರು ವಾರ ಬಿಡಿ, ಆಮೇಲೆ ಕುಂಡ ಬದಲಿಸಿ. ಬದಲಿಸುವಾಗ ಬೇರಿನ ಮುದ್ದೆಯ ನಡುವೆ ಬರೀ ಕೊಕೊಪೀಟ್ ಇದ್ದರೆ ಬೆರಳಿನಿಂದ ಮೆಲ್ಲಗೆ ಸಡಿಲಿಸಿ. ಅದು ಒಮ್ಮೆ ಪೂರಾ ಒಣಗಿದರೆ ಮೇಲಿಂದ ಹಾಕಿದ ನೀರು ಬದಿಯಿಂದ ಜಾರಿಹೋಗುತ್ತದೆ, ನಡುವಿನ ಬೇರಿಗೆ ತಲುಪುವುದೇ ಇಲ್ಲ.

## ಬೆಳೆಸುವುದು, ಹಬ್ಬಿಸುವುದು

ಕಡ್ಡಿ ನೆಟ್ಟರೆ ಬರುತ್ತಾ? ನೀರಲ್ಲಿ ಇಟ್ಟೆ, ಬೇರು ಬಂತು, ಮಣ್ಣಿಗೆ ಹಾಕಿದ ಮೇಲೆ ಸತ್ತೋಯ್ತು.

ಚೆನ್ನಾಗಿ ಬರುತ್ತದೆ. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಸಕಾಲ. ಮೊದಲು ಕಡ್ಡಿ ಆರಿಸುವುದು: ಬಳ್ಳಿಯ ಮೆತ್ತನೆಯ ತುದಿಯೂ ಬೇಡ, ಕಟ್ಟಿಗೆಯಾದ ಬುಡವೂ ಬೇಡ, ನಡುವಿನ ಭಾಗ. ಎಲೆಯ ಚಿತ್ತಾರ ಚೆನ್ನಾಗಿರುವ ಕೊಂಬೆಯಿಂದಲೇ ತೆಗೆಯಿರಿ, ಬಿಳಿ ಜಾಸ್ತಿಯಾದ ಕಡ್ಡಿ ಬೇರು ಬಿಡುವ ಮುನ್ನವೇ ಸೊರಗುತ್ತದೆ. 10–12 ಸೆಂಟಿಮೀಟರ್ ಉದ್ದ, ಮೂರು ನಾಲ್ಕು ಗೆಣ್ಣು. ಗೆಣ್ಣಿನ ಕೆಳಗೆ ಚೂಪು ಬ್ಲೇಡಿನಲ್ಲಿ ಕತ್ತರಿಸಿ, ಕೆಳಗಿನ ಎರಡು ಎಲೆ ತೆಗೆದು, ಆ ಎರಡು ಗೆಣ್ಣೂ ಹೂತುಹೋಗುವಂತೆ ನೆಡಿ. ಮಿಶ್ರಣ: ಕೊಕೊಪೀಟ್ ಮತ್ತು ಮರಳು ಸಮಸಮ, ಗೊಬ್ಬರವಿಲ್ಲದೆ. ನಾಲ್ಕಿಂಚಿನ ಕುಂಡಕ್ಕೆ ಐದು ಕಡ್ಡಿ ಹಿಡಿಸುತ್ತವೆ. ಪ್ಲಾಸ್ಟಿಕ್ ಕವರ್ ಮುಚ್ಚಿ, ಬಿಸಿಲು ಬೀಳದ ಬೆಳಕಿನಲ್ಲಿಡಿ, ದಿನಕ್ಕೊಮ್ಮೆ ಐದು ನಿಮಿಷ ತೆರೆದು ಗಾಳಿಯಾಡಿಸಿ. ಮೂರರಿಂದ ಐದು ವಾರಕ್ಕೆ ಬೇರು. ಮೆಲ್ಲಗೆ ಎಳೆದಾಗ ಕಡ್ಡಿ ಬರದಿದ್ದರೆ ಬೇರು ಹಿಡಿದಿದೆ. ಕವರನ್ನು ಒಮ್ಮೆಗೇ ತೆಗೆಯದೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ತೆರೆಯಿರಿ.

ನೀರಿನಲ್ಲಿ ಬಂದ ಬೇರು ನಾಜೂಕು, ಮಣ್ಣಿನಲ್ಲಿ ನೀರು ಹೀರುವ ಅಭ್ಯಾಸ ಅದಕ್ಕಿರುವುದಿಲ್ಲ. ಬೇರು ಉದ್ದವಾಗಲಿ ಎಂದು ಕಾಯಬೇಡಿ. ಎರಡು ಸೆಂಟಿಮೀಟರ್ ಆದ ಕೂಡಲೇ ಮಣ್ಣಿಗೆ ಬದಲಿಸಿ, ಎರಡು ವಾರ ಮಣ್ಣನ್ನು ಒಣಗಲು ಬಿಡಬೇಡಿ.

ಇನ್ನೂ ಸುಲಭದ ದಾರಿ ಬೇಕೆಂದರೆ, ಬಳ್ಳಿಯನ್ನು ಕತ್ತರಿಸದೆ ಪಕ್ಕದ ಕುಂಡದ ಮಣ್ಣಿನ ಮೇಲೆ ಮಲಗಿಸಿ, ಗೆಣ್ಣಿನ ಹತ್ತಿರ ಬಗ್ಗಿಸಿದ ತಂತಿಯ ಕೊಕ್ಕೆ ಚುಚ್ಚಿ. ಒಂದೂವರೆ ತಿಂಗಳ ಮೇಲೆ ತಾಯಿಬಳ್ಳಿಯಿಂದ ಬೇರ್ಪಡಿಸಿ.

ಒಂದೇ ಎಳೆಯಾಗಿ ಉದ್ದ ಹೋಗ್ತಿದೆ, ಪೊದೆಯಾಗ್ತಿಲ್ಲ.

ಕತ್ತರಿಸಲು ಮನಸ್ಸು ಬರದಿರುವುದೇ ಕಾರಣ. ಐವಿಯ ತುದಿ ಇರುವವರೆಗೆ ಪಕ್ಕದ ಮೊಗ್ಗುಗಳು ಮಲಗಿರುತ್ತವೆ. ಪ್ರತಿ ಬಳ್ಳಿಯಲ್ಲೂ ಮೂರನೇ ಒಂದರಷ್ಟನ್ನು ಎಲೆಯ ಮೇಲ್ಗಡೆ ಕತ್ತರಿಸಿ. ಜೂನ್ ಕೊನೆಗೊಮ್ಮೆ, ನವೆಂಬರ್‌ನಲ್ಲೊಮ್ಮೆ. ಬುಡ ಬೋಳಾಗಿದ್ದರೆ ಕತ್ತರಿಸಿದ ತುಂಡುಗಳನ್ನೇ ಅದೇ ಕುಂಡದಲ್ಲಿ ನೆಡಿ.

ತಂತಿಯ ಬಳೆಗೆ ಸುತ್ತಿ ಬೆಳೆಸ್ತಾರಲ್ಲ, ಅದು ಮನೇಲಿ ಮಾಡಬಹುದಾ?

ಮಾಡಬಹುದು. 3 ಮಿಲಿಮೀಟರ್ ದಪ್ಪದ ಜಿಐ (ಸತುವಿನ ಲೇಪವಿರುವ ಕಬ್ಬಿಣದ) ತಂತಿಯನ್ನು 30 ಸೆಂಟಿಮೀಟರ್ ಅಗಲದ ಬಳೆ ಮಾಡಿ, ಎರಡು ಕೊನೆಗಳನ್ನು 15 ಸೆಂಟಿಮೀಟರ್ ಕೆಳಗೆ ಇಳಿಬಿಡಿ. ಈ ಕಾಲುಗಳು ಎಂಟಿಂಚಿನ ಕುಂಡದ ತಳ ಮುಟ್ಟಬೇಕು. ಸಣ್ಣ ಎಲೆಯ ತಳಿಯ ನಾಲ್ಕು ಬಳ್ಳಿ, ತಲಾ 40–50 ಸೆಂಟಿಮೀಟರ್ ಇದ್ದರೆ ಎರಡನ್ನು ಒಂದು ಕಡೆಯಿಂದ, ಎರಡನ್ನು ಇನ್ನೊಂದು ಕಡೆಯಿಂದ ಸುತ್ತಿ. ಎಲೆಯ ತೊಟ್ಟು ತಂತಿಗೂ ಬಳ್ಳಿಗೂ ನಡುವೆ ಸಿಕ್ಕಿಕೊಂಡರೆ ಆ ಎಲೆ ಸಾಯುತ್ತದೆ, ತೊಟ್ಟನ್ನು ಹೊರಗೆಳೆದುಕೊಳ್ಳುತ್ತಾ ಸುತ್ತಿ. ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿ, ವಾರಕ್ಕೊಮ್ಮೆ ಕುಂಡವನ್ನು ಕಾಲುಸುತ್ತು ತಿರುಗಿಸಿ. ಬಳೆಯಿಂದ ಹೊರಬಿದ್ದ ಚಿಗುರನ್ನು ಎರಡೆಲೆಗೆ ಚಿವುಟುತ್ತಿದ್ದರೆ ಏಳೆಂಟು ತಿಂಗಳಲ್ಲಿ ಬಳೆ ತುಂಬುತ್ತದೆ.

ಕಾಂಪೌಂಡ್ ಗೋಡೆ ಮೇಲೆ ಹಬ್ಬಿಸಿದ್ರೆ ಗೋಡೆ ಹಾಳಾಗುತ್ತಾ?

ಗಟ್ಟಿ ಗೋಡೆಗೆ ಏನೂ ಆಗುವುದಿಲ್ಲ. ಐವಿಯ ಗೋಡೆಬೇರು ಅಂಟಿಕೊಳ್ಳುವುದಕ್ಕೆ ಇರುವುದು, ಸಿಮೆಂಟನ್ನು ಕೊರೆಯುವುದಿಲ್ಲ. ಆದರೆ ಮೊದಲೇ ಬಿರುಕಿದ್ದರೆ, ಪ್ಲಾಸ್ಟರ್ ಟೊಳ್ಳಾಗಿದ್ದರೆ, ಹಳೇ ಮನೆಯ ಗಾರೆ ಪುಡಿಯಾಗುತ್ತಿದ್ದರೆ ಬಳ್ಳಿ ಒಳಗೆ ನುಗ್ಗಿ ದಪ್ಪವಾಗುತ್ತದೆ. ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದಲ್ಲಿ ಬೇಡ. ಬಣ್ಣ ಮಾತ್ರ ಹೋದಂತೆಯೇ. ಬಳ್ಳಿ ತೆಗೆದರೆ ಬೇರಿನ ಕಂದು ಗುರುತು ಉಳಿಯುತ್ತದೆ, ಬಣ್ಣದ ಚಕ್ಕೆಯೂ ಏಳುತ್ತದೆ.

ಬಾಡಿಗೆ ಮನೆಯಲ್ಲಿರುವವರು, ಹೊಸದಾಗಿ ಬಣ್ಣ ಹೊಡೆಸಿದವರು ಗೋಡೆಯಿಂದ ಐದಾರು ಸೆಂಟಿಮೀಟರ್ ಬಿಟ್ಟು ಜಾಲರಿ ನಿಲ್ಲಿಸಿ ಅದರ ಮೇಲೆ ಹಬ್ಬಿಸಿ. ನಡುವೆ ಗಾಳಿಯಾಡುವುದರಿಂದ ಗೋಡೆಯ ಕಾವೂ ಗಿಡಕ್ಕೆ ತಾಗುವುದಿಲ್ಲ. ಬೇಡವಾದ ಬಳ್ಳಿಯನ್ನು ಹಸಿಯಾಗಿದ್ದಾಗ ಎಳೆಯಬೇಡಿ. ಬುಡ ಕತ್ತರಿಸಿ, ಒಂದೆರಡು ತಿಂಗಳು ಒಣಗಲು ಬಿಟ್ಟು, ಗಡಸು ಬ್ರಷ್ಷಿನಿಂದ ಉಜ್ಜಿ.

ಮೊದಲ ವರ್ಷ ಬಳ್ಳಿ ಒಂದಡಿಯೂ ಏರಲಿಲ್ಲ ಎಂದು ಕಿತ್ತುಹಾಕುವವರಿದ್ದಾರೆ. ಆ ವರ್ಷ ಅದು ಬೇರು ಬಿಡುತ್ತಿರುತ್ತದೆ. ಹಳೆಯ ಕುಡಿಗಳು ಗೋಡೆಗೆ ಅಂಟುವುದಿಲ್ಲ, ಗೋಡೆಗೆ ತಾಗಿಕೊಂಡು ಹೊಸದಾಗಿ ಬರುವ ಕುಡಿಗಳೇ ಅಂಟಬೇಕು.

ಮರದ ಬುಡದಲ್ಲಿ ಹುಲ್ಲು ಬರಲ್ಲ. ಅಲ್ಲಿ ನೆಲಕ್ಕೆ ಹಬ್ಬಿಸಬಹುದಾ?

ಬೆಂಗಳೂರಿನಂಥ ಕಡೆ ಆಗುತ್ತದೆ. 30 ಸೆಂಟಿಮೀಟರಿಗೆ ಒಂದರಂತೆ ನೆಡಿ, ಒಂದೂವರೆ ವರ್ಷಕ್ಕೆ ನೆಲ ಮುಚ್ಚುತ್ತದೆ. ಮರ ಹತ್ತಲು ಬಿಡಬೇಡಿ, ಕಾಂಡದ ಸುತ್ತ ಒಂದಡಿ ಖಾಲಿ ಇರಲಿ. ಮಳೆಗಾಲದಲ್ಲಿ ಆಫ್ರಿಕನ್ ದೈತ್ಯ ಬಸವನಹುಳು ಇಂಥ ದಟ್ಟ ಹೊದಿಕೆಯಡಿ ಸೇರಿಕೊಂಡು, ರಾತ್ರಿ ಪಕ್ಕದ ಹೂಪಾತಿಗೆ ಬರುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟು, ಬೆಳಗ್ಗೆ ಗ್ಲೌಸ್ ಹಾಕಿ ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಮಲೆನಾಡಿನಲ್ಲಿ ಕಾಡಂಚಿನ ತೋಟವಿರುವವರು ನೆಲಕ್ಕೆ ನೆಡದೆ ಕುಂಡದಲ್ಲೇ ಇಟ್ಟುಕೊಳ್ಳಿ. ಹವೆ ಒಗ್ಗಿದ ಕಡೆ ಈ ಬಳ್ಳಿ ಬೇಲಿಯೊಳಗೆ ನಿಲ್ಲುವಂಥದಲ್ಲ.

## ರೋಗ, ಕೀಟ, ಕಾಟ

ಎಲೆ ಮೇಲೆ ಧೂಳು ಬಿದ್ದ ಹಾಗೆ ಸಣ್ಣ ಸಣ್ಣ ಚುಕ್ಕೆ. ಒರೆಸಿದ್ರೂ ಹೋಗ್ತಿಲ್ಲ. ಬೂದಿ ರೋಗಾನಾ?

ಅದು ಜೇಡನುಸಿ. ನಮ್ಮಲ್ಲಿ ಸಾಯುವ ಐವಿಗಳಲ್ಲಿ ದೊಡ್ಡ ಪಾಲು ಸಾಯುವುದು ಇದರಿಂದ, ಫೆಬ್ರವರಿ ಮತ್ತು ಮೇ ನಡುವೆ. ಬಿಳಿ ಎಲೆಯಲ್ಲಿ ಚುಕ್ಕೆ ಕಣ್ಣಿಗೆ ಬೀಳದೆ, ಗೊತ್ತಾಗುವ ಹೊತ್ತಿಗೆ ಬಲೆ ಕಟ್ಟಿರುತ್ತದೆ. ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ಎರಡು ಸಲ ತಟ್ಟಿ. ಕಾಳುಮೆಣಸಿನ ಪುಡಿಯಷ್ಟು ಸಣ್ಣ ಚುಕ್ಕೆಗಳು ಬಿದ್ದು, ಅರೆನಿಮಿಷದಲ್ಲಿ ಹರಿದಾಡಿದರೆ ಅನುಮಾನವಿಲ್ಲ. ಬೆರಳಿನಿಂದ ಒರೆಸಿದರೆ ಹಾಳೆಯ ಮೇಲೆ ಕಂದು ಗೆರೆ.

ಮೊದಲ ಮದ್ದು ನೀರು. ಕುಂಡದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಗಿಡವನ್ನು ತಲೆಕೆಳಗಾಗಿ ಬಕೆಟ್ಟಿನ ನೀರಿನಲ್ಲಿ ಎರಡು ನಿಮಿಷ ಅಲ್ಲಾಡಿಸಿ. ಲೀಟರಿಗೆ ಐದು ಮಿಲಿಲೀಟರ್ ಪಾತ್ರೆ ತೊಳೆಯುವ ದ್ರವ ಸೋಪು ಇದ್ದರೆ ಸಾಕು. ಆಮೇಲೆ ಬರೀ ನೀರಿನಲ್ಲಿ ತೊಳೆಯಿರಿ. ಮೊಟ್ಟೆ ಇದಕ್ಕೆ ಸಾಯುವುದಿಲ್ಲ. ಬೇಸಿಗೆಯಲ್ಲಿ ಮೊಟ್ಟೆ ಮೂರ್ನಾಲ್ಕು ದಿನಕ್ಕೆ ಒಡೆದು, ಹೊಸ ನುಸಿ ಒಂದು ವಾರದೊಳಗೆ ತಾನೇ ಮೊಟ್ಟೆ ಇಡುವ ಹಂತಕ್ಕೆ ಬರುತ್ತದೆ. ಅದಕ್ಕೇ ನಾಲ್ಕು ದಿನಕ್ಕೊಮ್ಮೆಯಂತೆ ಮೂರು ಸಲ ತೊಳೆಯಬೇಕು. ಒಂದು ಸಲ ತೊಳೆದು ಸುಮ್ಮನಾಗುವುದರಿಂದಲೇ ಕಾಟ ಮರುಕಳಿಸುವುದು.

ಇನ್ನೂ ಹೋಗದಿದ್ದರೆ ಬೇವಿನ ಎಣ್ಣೆ ಐದು ಮಿಲಿಲೀಟರ್, ದ್ರವ ಸೋಪು ಒಂದು ಮಿಲಿಲೀಟರ್, ಒಂದು ಲೀಟರ್ ನೀರು. ಸಂಜೆ, ಎಲೆಯ ಅಡಿಗೆ ಸಿಂಪಡಿಸಿ. ಬಿಳಿ ಭಾಗ ಎಣ್ಣೆಗೆ ಸುಡಬಹುದು, ಮೊದಲು ಒಂದು ಕೊಂಬೆಗೆ ಹೊಡೆದು ಎರಡು ದಿನ ನೋಡಿ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ ಕೂಡ ಕೆಲಸ ಮಾಡುತ್ತದೆ, ಆದರೆ ಎಣ್ಣೆ ಹೊಡೆದ ಎರಡು ವಾರದೊಳಗೆ ಬೇಡ, ಬಿಸಿಲು ಮೂವತ್ತೆರಡು ದಾಟಿದ ದಿನ ಬೇಡ. ಅಂಗಡಿಯವರು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಟ್ಟರೆ ವಾಪಸು ಕೊಡಿ. ನುಸಿ ಕೀಟವಲ್ಲ, ಎಂಟು ಕಾಲಿನ ಜೇಡದ ಬಂಧು. ಆ ಔಷಧಿ ಹೊಡೆದ ಮೇಲೆ ನುಸಿ ಹೆಚ್ಚಾಗುವುದೂ ಉಂಟು.

ಗೆಣ್ಣಲ್ಲಿ ಹತ್ತಿಯಂಥದ್ದು ಕೂತಿದೆ, ಕೆಳಗಿನ ಎಲೆ ಎಲ್ಲ ಅಂಟಂಟು.

ಹಿಟ್ಟು ತಿಗಣೆ. ಹತ್ತಿಯ ಬದಲು ಕಂದು ಹೊಪ್ಪಳೆಯಂತಿದ್ದರೆ ಶಲ್ಕ ಕೀಟ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ ತೆಗೆಯಿರಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಇರುವೆ ಓಡಾಡುತ್ತಿದ್ದರೆ ಅದನ್ನೂ ತಡೆಯಿರಿ, ಸಿಹಿ ಅಂಟಿಗಾಗಿ ಈ ಕೀಟಗಳನ್ನು ಕಾಯುವುದು ಅದೇ.

ಮಳೆ ಶುರುವಾದ ಮೇಲೆ ಎಲೆಯಲ್ಲಿ ಕಪ್ಪು ಚುಕ್ಕೆ, ಸುತ್ತ ಹಳದಿ ಉಂಗುರ.

ಬ್ಯಾಕ್ಟೀರಿಯಾದ ಎಲೆಚುಕ್ಕೆ, ಜಾಂತೊಮೊನಾಸ್ ಕುಲದ್ದು. ಶುರುವಿನಲ್ಲಿ ಎಲೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆ ಬಿದ್ದ ಕಾಗದದಂತೆ ಚುಕ್ಕೆ ಕಾಣುತ್ತದೆ. ಚುಕ್ಕೆಯೊಳಗೆ ಸಾಸಿವೆಗಿಂತ ಸಣ್ಣ ಕರಿ ಕಣಗಳಿದ್ದರೆ ಅದು ಶಿಲೀಂಧ್ರದ್ದು. ಎರಡಕ್ಕೂ ಮೊದಲ ಕೆಲಸ ಒಂದೇ: ಚುಕ್ಕೆಯ ಎಲೆಗಳನ್ನೆಲ್ಲ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಕುಂಡಗಳ ನಡುವೆ ಒಂದು ಗೇಣು ಅಂತರ ಬಿಡಿ, ಎಲೆಯ ಮೇಲೆ ನೀರು ಹಾಕುವುದು ನಿಲ್ಲಿಸಿ. ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ ಮೂರು ಗ್ರಾಂ, ಹನ್ನೆರಡು ದಿನದ ಅಂತರದಲ್ಲಿ ಎರಡು ಸಲ. ಅದು ಇರುವ ಚುಕ್ಕೆಯನ್ನು ವಾಸಿಮಾಡದು, ಹೊಸ ಎಲೆಗೆ ಹರಡದಂತೆ ತಡೆಯುತ್ತದೆ ಅಷ್ಟೆ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್ಟಿನಲ್ಲಿ ಒರೆಸಿ.

ಮಣ್ಣು ಒದ್ದೆ ಇದೆ, ಆದ್ರೂ ಬಳ್ಳಿ ಬಾಡಿದೆ. ಇನ್ನೂ ನೀರು ಹಾಕ್ಲಾ?

ಹಾಕಬೇಡಿ, ಬೇರು ಕೊಳೆಯುತ್ತಿದೆ. ಗಿಡವನ್ನು ಕುಂಡದಿಂದ ಹೊರತೆಗೆದು ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಸಿಪ್ಪೆ ಕಳಚಿ ದಾರದಂಥ ಎಳೆ ಉಳಿದರೆ ಆ ಬೇರು ಸತ್ತಿದೆ. ಅರ್ಧಕ್ಕಿಂತ ಹೆಚ್ಚು ಬೇರು ಬೆಳ್ಳಗಿದ್ದರೆ ಸತ್ತದ್ದನ್ನು ಕತ್ತರಿಸಿ, ಚಿಕ್ಕ ಕುಂಡದಲ್ಲಿ ಹೊಸ ಮಣ್ಣಿಗೆ ನೆಟ್ಟು ನೆರಳಿಗಿಡಿ. ಇಲ್ಲವಾದರೆ ಬುಡದ ಆಸೆ ಬಿಟ್ಟು ಬಳ್ಳಿಯ ಗಟ್ಟಿ ಭಾಗದಿಂದ ಕಡ್ಡಿ ತೆಗೆದುಕೊಳ್ಳಿ. ಹಳೆಯ ಮಣ್ಣನ್ನು ಇನ್ನೊಂದು ಐವಿಗೆ ಬಳಸಬೇಡಿ.

ಬಿಳಿ ಅಂಚೆಲ್ಲ ಕಂದಾಗಿ ಸುರುಟಿಕೊಳ್ತಿದೆ. ನುಸಿ ಇಲ್ಲ, ನೋಡಿದ್ದೀನಿ.

ಬೋರ್‌ವೆಲ್ ನೀರಿನ ಉಪ್ಪು ಅಥವಾ ಗೊಬ್ಬರದ ಉಪ್ಪು. ಮಣ್ಣಿನ ಮೇಲೆ, ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಹೊದಿಕೆ ಕಂಡರೆ ಖಾತ್ರಿ. ತಿಂಗಳಿಗೊಮ್ಮೆ ಕುಂಡದ ಗಾತ್ರದ ಎರಡರಷ್ಟು ಮಳೆನೀರನ್ನೋ ಕಾವೇರಿ ನೀರನ್ನೋ ನಿಧಾನವಾಗಿ ಹಾಕಿ ತಳದಿಂದ ಹರಿಯಬಿಡಿ. ಎಸಿಯ ಗಾಳಿ ನೇರ ಬೀಸುವ ಜಾಗದಲ್ಲೂ ಹೀಗೇ ಆಗುತ್ತದೆ. ಕಂದಿದ ಅಂಚು ಮತ್ತೆ ಬೆಳ್ಳಗಾಗದು.

## ಇನ್ನಷ್ಟು ಆಳಕ್ಕೆ

ಒಂದು ಕೊಂಬೆ ಪೂರ್ತಿ ಹಸಿರಾಗಿ ಬರ್ತಿದೆ. ಅದು ಚೆನ್ನಾಗೇ ಬೆಳೀತಿದೆ, ಬಿಡ್ಲಾ?

ಚೆನ್ನಾಗಿ ಬೆಳೆಯುತ್ತಿರುವುದೇ ತೊಂದರೆ. ಈ ಚಿತ್ತಾರ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಯಾಕೆಂದು ಗೊತ್ತಾಗುತ್ತದೆ. ಬಳ್ಳಿಯ ಕುಡಿಯಲ್ಲಿ ಜೀವಕೋಶಗಳು ಈರುಳ್ಳಿಯ ಪೊರೆಗಳ ಹಾಗೆ ಮೂರು ಪದರಗಳಲ್ಲಿರುತ್ತವೆ. ಬಿಳಿ ಅಂಚಿನ ಐವಿಯಲ್ಲಿ ಎರಡನೇ ಪದರ ಹಸಿರು ಕಳೆದುಕೊಂಡಿದೆ, ಮೂರನೆಯದು ಹಸಿರಾಗಿದೆ. ಎಲೆಯ ಅಂಚು ಹೆಚ್ಚಾಗಿ ಎರಡನೇ ಪದರದಿಂದ, ನಡುಭಾಗ ಮೂರನೆಯದರಿಂದ ಆಗುವುದರಿಂದ ಈ ಚಿತ್ತಾರ. ಕುಡಿಯಲ್ಲಿ ಎಲ್ಲೋ ಒಂದು ಕಡೆ ಒಳಗಿನ ಹಸಿರು ಕೋಶ ಎರಡನೇ ಪದರದ ಜಾಗ ಹಿಡಿದರೆ ಅಲ್ಲಿಂದ ಮುಂದಿನ ಕೊಂಬೆ ಪೂರಾ ಹಸಿರು. ಇಡೀ ಎಲೆ ದುಡಿಯುವ ಆ ಕೊಂಬೆ ಅರೆ ಎಲೆ ದುಡಿಯುವ ಕೊಂಬೆಗಳನ್ನು ಹಿಂದಿಕ್ಕಿ, ಎರಡು ವರ್ಷದಲ್ಲಿ ಕುಂಡವನ್ನೇ ಆವರಿಸುತ್ತದೆ.

ಕಂಡ ಕೂಡಲೇ ತೆಗೆಯಿರಿ. ಹಸಿರು ಎಲೆಯ ಕೆಳಗೆ ಚಿವುಟಿದರೆ ಸಾಲದು, ಉಳಿದ ಗೆಣ್ಣಿನಿಂದ ಮತ್ತೆ ಹಸಿರೇ ಬರುತ್ತದೆ. ಆ ಕೊಂಬೆ ಬಣ್ಣದ ಬಳ್ಳಿಯಿಂದ ಕವಲೊಡೆದ ಜಾಗಕ್ಕೆ ಹೋಗಿ, ಅಲ್ಲಿಂದ ಒಂದು ಬಣ್ಣದೆಲೆ ಹಿಂದಕ್ಕೆ ಕತ್ತರಿಸಿ. ಬೆಳಕು ಕಮ್ಮಿಯಾಗಿ ಎಲೆಗಳೆಲ್ಲ ಒಟ್ಟಿಗೆ ಮಂಕಾಗುವುದು ಬೇರೆ ಸಂಗತಿ, ಜಾಗ ಬದಲಿಸಿದರೆ ಹೊಸ ಎಲೆ ಸರಿಹೋಗುತ್ತದೆ. ಒಂದೇ ಕೊಂಬೆ ಹಸಿರಾಗಿದ್ದರೆ ಮಾತ್ರ ಕತ್ತರಿ.

ನಂದು ಉಲ್ಟಾ. ಒಂದು ಕುಡಿ ಹಾಲಿನಷ್ಟು ಬೆಳ್ಳಗಿದೆ, ನೋಡೋಕೆ ಎಷ್ಟು ಚೆಂದ! ಬೇರೆ ಮಾಡಿ ನೆಡ್ಲಾ?

ಬೇರೆ ಮಾಡಿದ ದಿನದಿಂದ ಅದಕ್ಕೆ ಉಪವಾಸ. ತಾಯಿಬಳ್ಳಿಯ ಮೇಲೆ ಇರುವಷ್ಟು ದಿನ ನೋಡಿ ಸಂತೋಷಪಡಿ, ಎರಡು ಮೂರು ಎಲೆ ದಾಟಿದರೆ ಹಸಿರಿರುವ ಎಲೆಯವರೆಗೆ ಹಿಂದಕ್ಕೆ ಕತ್ತರಿಸಿ.

ಎಂಟು ವರ್ಷದ ಬಳ್ಳಿ. ಮೇಲ್ಗಡೆ ಎಲೆಗೆ ಕೋನಾನೇ ಇಲ್ಲ, ಅರಳಿ ಎಲೆ ಥರ ಆಗಿದೆ. ಬೇರೆ ಗಿಡ ಸೇರ್ಕೊಂಡಿದೆಯಾ?

ಅದೇ ಗಿಡ, ಪ್ರಾಯಕ್ಕೆ ಬಂದಿದೆ. ಐವಿಗೆ ಎರಡು ರೂಪ. ಎಳೆಯ ರೂಪದಲ್ಲಿ ಕೋನದ ಎಲೆ, ಅಂಟುಬೇರು, ಹತ್ತುವ ಗುಣ. ವರ್ಷಗಟ್ಟಲೆ ಹತ್ತಿ ಬೆಳಕು ಸಿಕ್ಕ ಮೇಲೆ ಬಲಿತ ರೂಪ: ಕೋನವಿಲ್ಲದ ಎಲೆ, ಅಂಟುಬೇರಿಲ್ಲದ ನೆಟ್ಟನೆಯ ಕೊಂಬೆ, ಹಸಿರುಹಳದಿ ಹೂಗೊಂಚಲು, ಕಪ್ಪು ಹಣ್ಣು. ನಮ್ಮಲ್ಲಿ ಕುಂಡದ ಗಿಡ ಈ ಹಂತ ಮುಟ್ಟುವುದು ಅಪರೂಪ. ಬಲಿತ ಕೊಂಬೆಯಿಂದ ತೆಗೆದ ಕಡ್ಡಿ ಬಳ್ಳಿಯಾಗದೆ ಪೊದೆಯಾಗಿಯೇ ಬೆಳೆಯುತ್ತದೆ. ಬೇರು ಬಿಡಿಸುವುದು ಕಷ್ಟ, ಆದರೂ ಒಂದು ಕೈ ನೋಡಬಹುದು. ಹಣ್ಣಿನ ಬೀಜ ಬಿತ್ತಿದರೆ ಚಿತ್ತಾರ ಬರುವುದಿಲ್ಲ. ಕುಡಿಯ ಪದರಗಳ ಆ ಜೋಡಣೆ ಬೀಜದೊಳಕ್ಕೆ ಹೋಗುವುದಿಲ್ಲ.

ಮನೇಲಿ ಮಗು ಇದೆ, ನಾಯಿ ಇದೆ. ವಿಷ ಅಂತಾರಲ್ಲ?

ಹೌದು, ಎಲೆ, ಹಣ್ಣು ಎರಡರಲ್ಲೂ ಸಪೋನಿನ್ ಎಂಬ ವಿಷದ ಅಂಶಗಳಿವೆ. ತಿಂದರೆ ಬಾಯಿ ಉರಿ, ಜೊಲ್ಲು, ವಾಂತಿ, ಭೇದಿ. ಮಗು, ನಾಯಿ, ಬೆಕ್ಕಿಗೆ ಎಟುಕದ ಎತ್ತರದಲ್ಲಿ ತೂಗುಹಾಕಿ. ತಿಂದದ್ದು ಗೊತ್ತಾದರೆ ಕಾಯಬೇಡಿ, ಎಲೆಯನ್ನು ಜೊತೆಗಿಟ್ಟುಕೊಂಡು ವೈದ್ಯರ ಹತ್ತಿರ ಹೋಗಿ. ಕತ್ತರಿಸುವಾಗ ಬರುವ ರಸದಲ್ಲಿರುವ ಫಾಲ್ಕರಿನಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಒಂದೆರಡು ದಿನ ಬಿಟ್ಟು ತುರಿಕೆ, ಗುಳ್ಳೆ ಏಳುತ್ತದೆ. ಇದೇ ಬಳಗದ ಶೆಫ್ಲೆರಾ ಕತ್ತರಿಸಿದಾಗ ಕೈ ತುರಿಸುವವರು ಗ್ಲೌಸ್ ಇಲ್ಲದೆ ಐವಿ ಮುಟ್ಟಬೇಡಿ.

ಬೆಡ್‌ರೂಮಲ್ಲಿಟ್ರೆ ಗಾಳಿ ಶುದ್ಧ ಆಗುತ್ತೆ ಅಂತ ನಾಸಾದವರೇ ಹೇಳಿದಾರಂತೆ?

1989ರ ಆ ವರದಿಯ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೊಳಗೆ. ಕಿಟಕಿ ಬಾಗಿಲಿರುವ ಕೋಣೆಯಲ್ಲಿ ಒಂದೆರಡು ಕುಂಡದಿಂದ ಲೆಕ್ಕಕ್ಕೆ ಸಿಗುವ ವ್ಯತ್ಯಾಸ ಆಗುವುದಿಲ್ಲ. ಕಿಟಕಿ ತೆರೆಯಿರಿ.

ಮಗಳು ಅಮೆರಿಕದ ಪೋರ್ಟ್‌ಲ್ಯಾಂಡಲ್ಲಿದ್ದಾಳೆ. ಅಲ್ಲಿ ಐವಿ ಮಾರೋದೇ ಇಲ್ಲವಂತೆ, ನಿಜವಾ? ಅವಳು ಬರುವಾಗ ಬೇರೆ ಎಲ್ಲಿಂದಾದ್ರೂ ಕಡ್ಡಿ ತರಬಹುದಾ?

ನಿಜ. ಅಲ್ಲಿನ ತಂಪು ಮಳೆಯ ಹವೆಯಲ್ಲಿ ತೋಟದಿಂದ ತಪ್ಪಿಸಿಕೊಂಡ ಐವಿ ಕಾಡಿನ ನೆಲ ಮುಚ್ಚಿ, ಮರ ಹತ್ತಿ ಹಾವಳಿ ಮಾಡಿದ್ದರಿಂದ ಆರೆಗಾನ್ ರಾಜ್ಯ ಹೆಡೆರಾ ಹೆಲಿಕ್ಸ್ ಮಾರಾಟವನ್ನು ನಿಷೇಧಿಸಿದೆ. ಇಂಗ್ಲೆಂಡಿನಲ್ಲಿ ಇದೇ ಬಳ್ಳಿ ಸ್ವಂತ ನೆಲದ್ದು. ಅಲ್ಲಿ ಬೇರೆ ಹೂಗಳು ಮುಗಿದ ಮೇಲೆ ಜೇನುನೊಣಗಳಿಗೆ ಐವಿ ಹೂವೇ ಆಸರೆ. ಅಲ್ಲಿರುವ ಕನ್ನಡಿಗರು ನಿಶ್ಚಿಂತೆಯಿಂದ ನೆಡಬಹುದು.

ಕಡ್ಡಿ ತರುವುದು ಮಾತ್ರ ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹೊರದೇಶದಿಂದ ಗಿಡ, ಕಡ್ಡಿ ತರಲು ಇಲ್ಲಿಯ ಆಮದು ಪರವಾನಗಿ, ಅಲ್ಲಿಯ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಒದ್ದೆ ಟಿಶ್ಯೂವಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದದ್ದು ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಅಲ್ಲೇ ಹೋಗುತ್ತದೆ. ಬೆಂಗಳೂರಿನ ಸಿದ್ದಾಪುರದ ನರ್ಸರಿ ಸಾಲಿನಲ್ಲಿ ಆಗಸ್ಟ್ ಮೇಲೆ ಒಮ್ಮೆ ಹುಡುಕಿ ನೋಡಿ.